ಬೆಟ್ಟದ ಮೇಲೆ ಐದು ವಾಟ್

ಥೆಲ್ಮಾ ಬೆಟ್ಟದ ನೆತ್ತಿಯ ಬೇಲಿಗೂಟಕ್ಕೆ ಮೀನು ಹಿಡಿಯುವ ಉದ್ದನೆಯ ಕೋಲೊಂದನ್ನು ಬಿಗಿದು, ಅದರ ತುದಿಯಿಂದ ರೇಡಿಯೋದ ಏರಿಯಲ್ ತಂತಿ ಇಳಿಬಿಟ್ಟು ಇನ್ನೇನು ಕೂರಬೇಕು, ಅಷ್ಟರಲ್ಲಿ ನೆವಿಲ್ ಏದುಸಿರು ಬಿಡುತ್ತ ಪ್ರತ್ಯಕ್ಷನಾದ. ಕೆಳಗಿನ ಗೇಟಿನವರೆಗೆ ಜೀಪಿನಲ್ಲೇ ಬಂದಿದ್ದ ಆಸಾಮಿ, ಅಲ್ಲಿಂದ ನಾಲ್ಕು ಹೆಜ್ಜೆ ಹತ್ತಿದ್ದಕ್ಕೇ ಈ ಪಾಡು. ಊರಿನ ಹವ್ಯಾಸಿ ರೇಡಿಯೋ ಕ್ಲಬ್ಬಿಗೆ ಇವನೇ ಕಾರ್ಯದರ್ಶಿ. ಹಿತ್ತಲಲ್ಲಿ ಚರ್ಚಿನ ಗೋಪುರಕ್ಕೆ ಸವಾಲು ಹಾಕುವಂಥ ಕಂಬ ನೆಟ್ಟು, ಸಾವಿರ ವಾಟ್ ಸುರಿದು, ಲೋಕದ ಕಿವಿ ತೂತು ಮಾಡುವುದಕ್ಕೇ ರೇಡಿಯೋ ಎನ್ನುತ್ತಾರೆ ಅಂತ ನಂಬಿದ್ದವನು.

“ಅಯ್ಯೋ, ಇಷ್ಟು ದೂರ ನಡ್ಕೊಂಡು ಬಂದ್ಯಾ!” ಎಂದ. “ನಿನ್ನ ಮುಖ ನೋಡಿದ್ರೆ ಕಾಯಿಲೆ ಇದೆ ಅಂತ ಗೊತ್ತೇ ಆಗಲ್ಲ ಬಿಡು.”

ಈ ಮಾತನ್ನು ಅಂಚೆಯವನಿಂದ ಹಿಡಿದು ಪಾದ್ರಿಯವರೆಗೆ ಎಲ್ಲರ ಬಾಯಲ್ಲೂ ಕೇಳಿ ಅವಳ ಕಿವಿ ಜಡ್ಡುಗಟ್ಟಿತ್ತು. ಎಂದೋ ಬಂದ ಜ್ವರವೊಂದು ಹೋಗುವಾಗ ಅವಳ ಕಸುವನ್ನೂ ಗಂಟುಕಟ್ಟಿಕೊಂಡು ಹೋಗಿತ್ತು. ಇವತ್ತು ಬೆಟ್ಟ ಹತ್ತಿದರೆ ನಾಳೆ, ನಾಡಿದ್ದು ಪರದೆ ಎಳೆದುಕೊಂಡು ಹಾಸಿಗೆಯಲ್ಲೇ. ಆಗಿನ ಮುಖವನ್ನು ನೋಡಲು ಇವರು ಯಾರೂ ಬಂದವರಲ್ಲ. ಆದರೂ ಅವಳು ಬಿಡುತ್ತಿರಲಿಲ್ಲ. ಕಲ್ಲುಗೋಡೆ ಸಿಕ್ಕಲ್ಲೆಲ್ಲ ಕೂತು, ಕುರಿಗಳ ಜೊತೆ ಎರಡು ಮಾತಾಡಿ, ಮತ್ತೆ ಎದ್ದು ನಡೆದು ನೆತ್ತಿ ತಲುಪುವುದು. ಬೆಣ್ಣೆ ಡಬ್ಬಿಯಷ್ಟು ಪುಟ್ಟ ರೇಡಿಯೋ ತೆರೆದು, ಸೈಕಲ್ ದೀಪಕ್ಕೆ ಸಾಲುವಷ್ಟು, ಐದೇ ವಾಟ್ ವಿದ್ಯುತ್ತಿನಲ್ಲಿ ಕಡಲಾಚೆಯ ಯಾರದೋ ದನಿ ಹಿಡಿಯುವುದು. ಅವಳ ಪಾಲಿಗೆ ಅದೇ ಹಬ್ಬ.

“ಬಂದ ಕೆಲಸ ಹೇಳು ನೆವಿಲ್. ನೀನು ಸುಮ್ಸುಮ್ನೆ ಬೆಟ್ಟ ಹತ್ತೋನಲ್ಲ.”

ನೆವಿಲ್ ಬೆಣ್ಣೆಯಿಂದ ಕೂದಲು ತೆಗೆದಂತೆ ಶುರುಮಾಡಿದ. ಮುಂದಿನ ತಿಂಗಳು ಕ್ಲಬ್ಬಿನವರೆಲ್ಲ ಇದೇ ಬೆಟ್ಟದಲ್ಲಿ ಡೇರೆ ಹಾಕಿ ರೇಡಿಯೋ ಹಿಡಿದು ಕೂರುವ ವಾರಾಂತ್ಯವಿತ್ತು. ಅದರಲ್ಲಿ ಐದು ವಾಟಿನ ಪುಟ್ಟ ರೇಡಿಯೋಗೆ ಮೀಸಲಾದ ಡೇರೆ ಪ್ರತಿವರ್ಷವೂ ಥೆಲ್ಮಾಳದು. ಅವಳು ತಿಂಗಳುಗಟ್ಟಲೆ ಮೈ ಉಳಿಸಿಕೊಳ್ಳುತ್ತಿದ್ದುದೇ ಆ ಎರಡು ದಿನಕ್ಕಾಗಿ.

“ನಿನ್ನ ಒಳ್ಳೇದಕ್ಕೇ ಹೇಳ್ತಿರೋದಮ್ಮ. ಹಳೇ ಕಾಯಿಲೆ, ವಾಸಿಯಾಗೋದಲ್ಲ. ಈ ಸಲ ಟೀ ಮೇಜಿನ ಹತ್ರ ಆರಾಮಾಗಿ ಕೂತ್ಕೊಂಡು ಎಲ್ಲರಿಗೂ ಕೇಕ್ ಕುಯ್ದು ಕೊಡು. ನಿನ್ನ ಡೇರೇಲಿ ನನ್ನ ದೊಡ್ಡ ಸೆಟ್ಟು ಇಡ್ತೀನಿ.”

“ಓಹೋ! ಒಳ್ಳೇದು ನಂದು, ಡೇರೆ ನಿಂದು!”

“ಸಿಟ್ಟು ಯಾಕೆ? ಈ ಬೆಣ್ಣೆ ಡಬ್ಬೀಲಿ ಯಾರು ಸಿಗ್ತಾರೆ ನೀನೇ ಹೇಳು. ನಾನು ಕೂತು ಕೂಗಿದ್ರೂ ಒಂದು ನರಪಿಳ್ಳೇನೂ ಓಗೊಡಲ್ಲ.”

“ಹಾಗಾದ್ರೆ ಕೂಗು, ನೋಡೇಬಿಡೋಣ. ಒಬ್ಬರು ಉತ್ತರ ಕೊಟ್ರೂ ಡೇರೆ ನಂದು. ಇಲ್ಲದಿದ್ರೆ ಕೇಕ್ ಕುಯ್ಯೋ ಚಾಕು ಈಗ್ಲೇ ಕೊಡು.”

ಆಡಿದ ಮೇಲೆ ಅವಳಿಗೆ ನೆನಪಾಯಿತು. ಐದು ವಾಟಿಗೆ ಯಾರೂ ಸಿಗದ ದಿನಗಳೂ ಇದ್ದವು. ನೆವಿಲ್ ಮಾತ್ರ ಆಗಲೇ ಮೈಕ್ ಕಿತ್ತುಕೊಂಡಿದ್ದ.

ಆ ಮೈಕಿನ ಗುಂಡಿ ಒತ್ತಿದರೆ ನಮ್ಮ ಮಾತು ಹೋಗುತ್ತದೆ, ಬಿಟ್ಟರೆ ಅವರ ಮಾತು ಬರುತ್ತದೆ. ಇರುವುದು ಇಷ್ಟೇ ವಿದ್ಯೆ. ನೆವಿಲ್ ಗುಂಡಿ ಬಿಡುತ್ತಿದ್ದುದು ಉಸಿರೆಳೆದುಕೊಳ್ಳಲು ಮಾತ್ರ! ತನ್ನ ಹೆಸರು, ತನ್ನ ಊರು, ತನ್ನ ಹುದ್ದೆ ಎಲ್ಲವನ್ನೂ ಸಂತೆಯಲ್ಲಿ ಕೂಗಿದ ಹಾಗೆ ಕೂಗಿದ. ಅವನು ಉಸಿರೆಳೆದುಕೊಳ್ಳುವ ಸಂದಿಯಲ್ಲಿ ಹೆಂಗಸೊಬ್ಬಳ ಸಣ್ಣ ದನಿ ಚೂರುಚೂರಾಗಿ ಬಂತು.

“ತಡಿ ನೆವಿಲ್, ಯಾರೋ...”

“ಶ್! ನಾನು ಕೂಗ್ತಿರೋದು ಕಾಣಲ್ವಾ?” ಎಂದು ಮತ್ತೆ ಗುಂಡಿ ಒತ್ತಿದ. ಒತ್ತಿದ, ಕೂಗಿದ, ಬಿಟ್ಟ ಹಾಗೆ ಮಾಡಿ ಮತ್ತೆ ಒತ್ತಿದ. ಕೊನೆಗೆ ಮುಖ ಬೀಟ್‌ರೂಟ್ ಮಾಡಿಕೊಂಡು ಮೈಕನ್ನು ಹುಲ್ಲಿನ ಮೇಲೆ ಎಸೆದ. “ಖಾಲಿ! ಆಕಾಶವೇ ಖಾಲಿ! ಇನ್ನಾದ್ರೂ ಹಟ ಬಿಟ್ಟು ಟೀ ಮೇಜು ನೋಡ್ಕೋ.”

ಥೆಲ್ಮಾ ಮೈಕ್ ಎತ್ತಿಕೊಂಡಳು. ಗುಂಡಿ ಒತ್ತಲಿಲ್ಲ. ಸುಮ್ಮನಿರುವುದನ್ನು ಹಾಸಿಗೆ ಅವಳಿಗೆ ಚೆನ್ನಾಗಿಯೇ ಕಲಿಸಿತ್ತು.

“ಏನು ಮಾಡ್ತಿದೀಯ?”

“ಕೇಳ್ತಿದೀನಿ. ನೀನೂ ಒಂದ್ಸಲ ಮಾಡಿ ನೋಡು, ನೋವಾಗಲ್ಲ.”

ಗೊರಗೊರ ಸದ್ದಿನ ನಡುವಿನಿಂದ ಆ ಸಣ್ಣ ದನಿ ಮತ್ತೆ ಎದ್ದಿತು. ಅದು ಮುಗಿಯುವವರೆಗೂ ಕಾದು ಥೆಲ್ಮಾ ತನ್ನ ಗುರುತು ಹೇಳಿದಳು.

“ಅಬ್ಬ, ಕೊನೆಗೂ ಒಬ್ರು ಸಿಕ್ಕಿದ್ರಿ!” ಎಂದಿತು ದನಿ. “ನಾನು ಸಿಗ್ರುನ್, ನಾರ್ವೆ ಕಡಲತೀರದಿಂದ. ನಿಮ್ಮ ದನಿ ತೆಳ್ಳಗಿದೆ, ಆದ್ರೆ ಒಂದೊಂದು ಮಾತೂ ಕೇಳ್ತಿದೆ. ಈಗಷ್ಟೇ ಇಲ್ಲೇ ಒಬ್ರು ಗಂಡಸರು ಕೂಗ್ತಿದ್ರಲ್ಲ, ನಿಮ್ಮ ಜೊತೆಯವರಾ? ಅವರಿಗೆ ಉತ್ತರ ಕೊಟ್ಟೂ ಕೊಟ್ಟೂ ಸಾಕಾಯ್ತು. ಒಂದೂ ಕೇಳಿಸ್ಕೊಳ್ಳಲಿಲ್ಲ. ನಾನು ನರ್ಸ್ ಆಗಿದ್ದೋಳು, ಅದಕ್ಕೇ ವಿಚಾರಿಸ್ತಿದೀನಿ. ಪಾಪ, ಅವರಿಗೆ ಮೈ ಹುಷಾರಿಲ್ವಾ?”

ನೆವಿಲ್ ಮೈಕಿಗೆ ಕೈ ಚಾಚಿದ. ಥೆಲ್ಮಾ ಅವನನ್ನು ಮೇಲಿಂದ ಕೆಳಗಿನವರೆಗೆ ನೋಡಿ, ನಿಧಾನವಾಗಿ ಗುಂಡಿ ಒತ್ತಿದಳು.

“ಹೌದಮ್ಮ, ಹಳೇ ಕಾಯಿಲೆ. ವಾಸಿಯಾಗೋದಲ್ಲ,” ಎಂದಳು. “ಮುಖ ನೋಡಿದ್ರೆ ಮಾತ್ರ ಗೊತ್ತೇ ಆಗಲ್ಲ.”