ಕೆನ್ನೆಯ ಮೇಲಿನ ಸೆರಗು

“ಸುನಂದಮ್ಮ! ಸುನಂದಮ್ಮ ಯಾರ್ರೀ?”

ಕಾಂಪೌಂಡರ್ ಮೂರನೇ ಸಲ ಕೂಗಿದಾಗಲೇ ಭಾರತಮ್ಮನಿಗೆ ಅದು ತಾನು ಬರೆಸಿದ್ದ ಸುಳ್ಳು ಹೆಸರೆಂದು ನೆನಪಾದದ್ದು. ಗಡಬಡಿಸಿ ಕೈಯೆತ್ತಿದಳು.

“ಒಳಗಿರೋರು ಬಂದ್ಮೇಲೆ ನೀವು. ಹೋದ್ಸಲದ ಥರ ಅರ್ಧಕ್ಕೇ ತಪ್ಪಿಸ್ಕೊಂಡು ಹೋಗ್ಬೇಡಿ ಮತ್ತೆ.”

ಅವಳು ಸೆರಗನ್ನು ಇನ್ನಷ್ಟು ಎಳೆದು ಎಡಗೆನ್ನೆ ಮುಚ್ಚಿಕೊಂಡಳು. ಅವಳ ಊರು ಕ್ಯಾಲನೂರಿಗೆ ಕೋಲಾರವೇ ಹತ್ತಿರ. ಅಲ್ಲಿ ಹಲ್ಲಿನ ಡಾಕ್ಟರಿಗೇನು ಬರವೇ? ಆದರೆ ಕೋಲಾರದಲ್ಲಿ ಹೆಜ್ಜೆಗೊಬ್ಬರು ಗುರುತಿನವರು. ಅದಕ್ಕೇ ಎರಡು ಬಸ್ಸು ಹತ್ತಿ ಮುಳಬಾಗಿಲಿಗೆ ಬಂದಿದ್ದಳು. ಸೊಸೆಗೆ, ಆವನಿ ಬೆಟ್ಟದ ದೇವಸ್ಥಾನಕ್ಕೆ ಹರಕೆ ತೀರಿಸಲು ಹೋಗುತ್ತೇನೆ ಎಂದಿದ್ದಳು. ಅರವತ್ತೆಂಟು ವರ್ಷದ ಬದುಕಿನಲ್ಲಿ ದೇವರ ಹೆಸರಲ್ಲಿ ಹೇಳಿದ ಮೊದಲ ಸುಳ್ಳು.

ಹಲ್ಲು ಸಿಡಿಯುತ್ತಿತ್ತು. ಸಿಡಿತ ಕಿವಿಗೆ ಹತ್ತಿ, ಕತ್ತಿಗೆ ಇಳಿದು, ಮತ್ತೆ ಹಲ್ಲಿಗೇ ಬರುತ್ತಿತ್ತು.

ಪಕ್ಕದಲ್ಲಿ ಕೂತಿದ್ದವನು ನಂಗಲಿಯ ಲಾರಿ ಡ್ರೈವರ್ ವೆಂಕಟ್. ಬಾಯಿ ಸುಮ್ಮನಿರದ ಮನುಷ್ಯ.

“ನಮ್ದೂ ಇದೇ ಗೋಳು ಅಮ್ಮಾ. ಒಳಗಿರೋಳು ನನ್ ಹೆಂಡ್ತಿ. ನಾನು ಲೋಡ್ ತಗೊಂಡು ಚಿತ್ತೂರಿಗೆ ಹೋಗಿದ್ದೆ. ಇವಳು ಕ್ಯಾಲನೂರಿಗೆ ಹೋಗಿ ಯಾವಳ ಹತ್ರಾನೋ ಹುಳ ಬಿಡಿಸ್ಕೊಂಡು ಬಂದವ್ಳೆ!”

ಹಲ್ಲಿನ ಹುಳ ಬಿಡಿಸುವುದೆಂದರೆ ಆ ಸೀಮೆಗೆಲ್ಲ ಗೊತ್ತು. ನೆಲಗುಳ್ಳದ ಬೀಜವನ್ನು ಎಣ್ಣೆಯಲ್ಲಿ ಕಲಸಿ ಕಾದ ಕಬ್ಬಿಣದ ಮೇಲೆ ಹಾಕುತ್ತಾರೆ. ಏಳುವ ಹೊಗೆಯನ್ನು ಪರಂಗಿ ಎಲೆಯ ದಂಟಿನಲ್ಲಿ ಬಾಯಿಗೆ ಬಿಡುತ್ತಾರೆ. ಕಬ್ಬಿಣದ ಕೆಳಗಿಟ್ಟ ತಟ್ಟೆಯ ನೀರಿನಲ್ಲಿ ಬೆಳ್ಳಗೆ ಹುಳಗಳು ತೇಲುತ್ತವೆ. ನೋಡಿದವರು ಕೈಮುಗಿಯುತ್ತಾರೆ.

“ಏಳು ಹುಳ ಬಿತ್ತಂತೆ! ಒಂದು ವಾರ ಹಾಯಾಗಿದ್ಲು. ಆಮೇಲೆ ನೋಡಿ, ಮುಖ ಕುಂಬಳಕಾಯಿ ಆಯ್ತು, ಕಣ್ಣೇ ಬಿಡಕಾಗ್ಲಿಲ್ಲ. ಇನ್ನೆರಡು ದಿನ ತಡ ಆಗಿದ್ರೆ ಜೀವಕ್ಕೇ ಬರ್ತಿತ್ತು ಅಂದ್ರು ಡಾಕ್ಟ್ರು. ಆ ಯಮ್ಮ ಸಿಗ್ಲಿ, ಊರ ಮುಂದೆ ನಿಲ್ಲಿಸಿ ಕೇಳ್ತೀನಿ.”

“ಕೇಳ್ಬೇಕಾದ್ದೇ ಕಣಪ್ಪಾ,” ಎಂದಳು ಭಾರತಮ್ಮ.

ಬಾಗಿಲು ತೆರೆಯಿತು. ಹತ್ತಿ ಕಚ್ಚಿಕೊಂಡು ಹೊರಬಂದ ವೆಂಕಟನ ಹೆಂಡತಿ ಶಿವಾನಿಗೆ ಇಪ್ಪತ್ತೆರಡೋ ಇಪ್ಪತ್ಮೂರೋ. ದವಡೆಯ ಕೆಳಗೆ ಪಟ್ಟಿ. ಅವಳಿಗೆ ದಾರಿ ಬಿಡಲು ಭಾರತಮ್ಮ ಎದ್ದಾಗ ಸೆರಗು ಜಾರಿತು. ಹುಡುಗಿ ನಿಂತಲ್ಲೇ ನಿಂತಳು.

“ಅಮ್ಮಾ... ನೀವೂ ಇಲ್ಲಿಗೇ ಬಂದ್ರಾ?”

“ಯಾರೇ ಇವ್ರು?” ಎಂದ ವೆಂಕಟ್.

ಭಾರತಮ್ಮನ ಪಾಡು ಬಾಯಲ್ಲಿ ಬಿಸಿತುಪ್ಪ ಇಟ್ಟುಕೊಂಡವಳ ಪಾಡು. ನುಂಗುವಂತಿಲ್ಲ, ಉಗುಳುವಂತಿಲ್ಲ. ಶಿವಾನಿ ಅವಳ ಊದಿದ ಕೆನ್ನೆಯನ್ನೇ ಸ್ವಲ್ಪ ಹೊತ್ತು ನೋಡಿದಳು.

“ಅವತ್ತು ಹುಳ ಬಿಡಿಸಿದ ಆ ಜಗಲಿ ಮೇಲೆ ಇವ್ರೂ ಕೂತಿದ್ರು,” ಎಂದಳು ಮೆಲ್ಲಗೆ.

“ಅಯ್ಯೋ ದೇವುಡಾ! ನಿಮಗೂ ಅವಳೇ ಹೊಗೆ ಕೊಟ್ಟಿದ್ದಾ?”

“ಹೂಂ. ಅವಳೇ.”

ವೆಂಕಟ್ ಎದ್ದು, ಹೆತ್ತ ಮಗನಂತೆ ಅವಳ ತೋಳು ಹಿಡಿದು ಒಳಗಿನ ಬಾಗಿಲವರೆಗೂ ನಡೆಸಿದ. “ಹೆದರ್ಬೇಡಿ, ಈ ಡಾಕ್ಟ್ರು ಒಳ್ಳೇರು.” ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಆ ಕೈಯ ಮೆತ್ತನೆಯ ಹಿಡಿತ ಅವಳಿಗೆ ಕೆಂಡ ಮುಟ್ಟಿದ ಹಾಗಿತ್ತು.

ಡಾಕ್ಟರ್ ಮೌನಿಕಾ ಲೈಟನ್ನು ಹತ್ತಿರಕ್ಕೆ ಎಳೆದಳು.

“ಅಜ್ಜೀ, ರೂಟ್ ಕೆನಾಲ್ ಅರ್ಧಕ್ಕೆ ಬಿಟ್ಟು ಎರಡು ತಿಂಗ್ಳಾಯ್ತು. ನಾನು ತುಂಬಿದ್ದ ಸಿಮೆಂಟೂ ಬಿದ್ದೋಗಿದೆ. ಬೇರಲ್ಲೆಲ್ಲ ಕೀವು.” ಅವಳ ದನಿ ಬದಲಾಯಿತು. “ಇದೇನಿದು, ಕೆನ್ನೆ ಒಳಗೆ ಸುಟ್ಟಿದೆ? ನನ್ಹತ್ರ ಬಂದು ಹೋದ್ಮೇಲೂ ಹೊಗೆಗೆ ಬಾಯಿ ಒಡ್ಡಿದ್ರಾ?”

ಭಾರತಮ್ಮ ಹೌದೆಂದು ತಲೆಯಾಡಿಸಿದಳು. ಮೂರು ಸಲ ಹೊಗೆ ತೆಗೆದುಕೊಂಡಿದ್ದಳು. ಮೂರು ಸಲವೂ ತಟ್ಟೆಯ ತುಂಬ ಹುಳ. ನೋವು ಮಾತ್ರ ಇದ್ದಲ್ಲೇ ಇತ್ತು. ಕುರ್ಚಿಯ ಕೈ ಹಿಡಿದಿದ್ದ ಅವಳ ಬೆರಳ ತುದಿಗಳು ಕಪ್ಪಾಗಿದ್ದವು, ಬೆಂಕಿಯ ಮುಂದೆ ಬದುಕು ಸವೆಸಿದವರ ಬೆರಳು.

“ಅದು ಹುಳ ಅಲ್ಲಜ್ಜಿ. ಬೀಜ ಸಿಡಿದು ಒಳಗಿನ ಮೊಳಕೆ ನೀರಿಗೆ ಬೀಳುತ್ತೆ. ಅಲ್ಲಿ ಬಾಯಿ ಇಲ್ದಿದ್ರೂ ಬೀಳುತ್ತೆ.”

“ಗೊತ್ತವ್ವಾ. ಮೊನ್ನೆ ಕಣ್ಣಾರೆ ನೋಡ್ದೆ.”

“ಮತ್ತೆ ಆ ಯಮ್ಮನಿಗೆ ಹೇಳ್ಲಿಲ್ವಾ?”

“ದಿನಾ ಹೇಳ್ತೀನಿ. ಅತ್ತೆ ಕೊಟ್ಟೋದ ವಿದ್ಯೆ, ಒಂದು ವೀಳ್ಯದೆಲೆ ಬಿಟ್ರೆ ಯಾರ ಹತ್ರಾನೂ ಏನೂ ಮುಟ್ಟಿಲ್ಲ, ಈಗ ಸುಳ್ಳು ಅಂದ್ರೆ ಊರು ಏನನ್ನುತ್ತೆ ಅಂತಾಳೆ.”

“ಈಗಷ್ಟೇ ಹೋದ ಹುಡುಗಿ ಸಾಯ್ತಿದ್ಲು ಅಜ್ಜೀ. ನಾಚಿಕೆ ಆಗಲ್ವಾ ಅವಳಿಗೆ?”

ಸೂಜಿ ಚುಚ್ಚಿತು. ಭಾರತಮ್ಮನ ಕಣ್ಣಿಂದ ನೀರು ಇಳಿದು ಕಿವಿ ಸೇರಿತು. “ಇಷ್ಟೇ, ಇಷ್ಟೇ, ಆಯ್ತು,” ಎಂದು ಡಾಕ್ಟರು ಸಮಾಧಾನ ಮಾಡಿದಳು. ಸೂಜಿಯ ನೋವೆಂದುಕೊಂಡಿರಬೇಕು.

ಹೊತ್ತು ಇಳಿಯುವ ವೇಳೆಗೆ ಅವಳು ಕ್ಯಾಲನೂರಿನಲ್ಲಿ ಬಸ್ಸಿಳಿದಳು. ಬಾಯಿ ಇನ್ನೂ ಮರಗಟ್ಟಿತ್ತು. ಮನೆಯ ಜಗಲಿಯ ಮೇಲೆ ಮೂವರು ಕೆನ್ನೆ ಹಿಡಿದುಕೊಂಡು ಕೂತಿದ್ದರು. ಅವಳನ್ನು ಕಂಡದ್ದೇ ಕೈಮುಗಿದು ಎದ್ದು ನಿಂತರು. ಸೊಸೆ ಒಳಗಿನಿಂದಲೇ ಕೂಗಿದಳು:

“ಬಂದ್ರಾ ಅತ್ತೇ? ಬೆಳಿಗ್ಗೆಯಿಂದ ಕಾಯ್ತಾವ್ರೆ ಪಾಪ. ಕಬ್ಬಿಣ ಕಾಯಕ್ಕಿಟ್ಟಿದೀನಿ, ಬೀಜ ಕಲಸ್ಲಾ?”

ಮೂವತ್ತು ವರ್ಷ ಅದೇ ಜಗಲಿಯ ಮೇಲೆ ಕೂತು ಸುತ್ತಮುತ್ತಲ ಊರಿನವರ ಹಲ್ಲಿನ ಹುಳ ಬಿಡಿಸಿದ್ದ ಭಾರತಮ್ಮ ಕೆನ್ನೆಯ ಮೇಲಿನ ಸೆರಗನ್ನು ಸರಿಸಿ ಅವರ ಮುಂದೆ ನಿಂತಳು.