ಲಾರ್ವುಡ್ ಹೊಲದ ಉಂಗುರ

ಜೀವಮಾನವೆಲ್ಲ ನೆಲದಿಂದ ತೆಗೆದವನು ಅಂದು ನೆಲದೊಳಗೆ ಇಡುತ್ತಿದ್ದ.

ಸೆಸಿಲ್ ಮಾಬ್ಸ್ ಬಾರ್ಲಿ ಕೊಯ್ದ ಹೊಲದಲ್ಲಿ ಮಂಡಿಯೂರಿ, ಕೈಸಲಿಕೆಯಿಂದ ಸಣ್ಣ ಕುಳಿ ತೋಡಿದ. ಜೇಬಿನಿಂದ ಉಂಗುರ ತೆಗೆದು ಒಳಗೆ ಹಾಕಿದ. ಮಣ್ಣು ಮುಚ್ಚಿ, ಕೂಳೆಯನ್ನು ಮೊದಲಿನ ಹಾಗೇ ಕೂರಿಸಿ, ಬೂಟುಗಾಲಿನಿಂದ ತುಳಿದ. ಆಮೇಲೆ ಒಡತಿಯ ಮನೆಯ ಕಡೆ ಕಳ್ಳನೋಟ ಹಾಯಿಸಿದ. ಅಡುಗೆಮನೆಯ ಕಿಟಕಿಯಲ್ಲಿ ಯಾರೂ ಇರಲಿಲ್ಲ.

ಮೋಸವೇ. ಅದಕ್ಕೆ ಬೇರೆ ಹೆಸರಿಲ್ಲ. ಅದೂ ಯಾರಿಗೆ? ಹೊಲದ ಒಡತಿ ಮಿಸ್ ಹೆಸ್ಟರ್ ಲಾರ್ವುಡ್‌ಗೆ. ಇಡೀ ನಾರ್ಫೋಕ್ ಸೀಮೆಯಲ್ಲಿ ಅವನ ಯಂತ್ರವನ್ನು ನೋಡಿ ನಗದಿದ್ದ ಒಬ್ಬಳೇ ಒಬ್ಬ ಹೆಂಗಸಿಗೆ.

ಅವನ ಹರೆಯದಲ್ಲಿ ನೆಲದಡಿಯ ಲೋಹ ಹುಡುಕುವ ಹುಚ್ಚು ಇನ್ನೂ ಹೊಸದು. ಅಂಗಡಿಯ ಯಂತ್ರ ಕೊಳ್ಳುವ ತಾಕತ್ತು ಯಾರಿಗಿತ್ತು? ಸೈಕಲ್ ರಿಪೇರಿಯ ಸೆಸಿಲ್ ಹಳೇ ರೇಡಿಯೊ ಬಿಚ್ಚಿ, ಪ್ಲಾಸ್ಟಿಕ್ ತಟ್ಟೆಗೆ ತಾಮ್ರದ ತಂತಿ ಸುತ್ತಿ, ಎಲ್ಲವನ್ನೂ ಪೊರಕೆಯ ಕೋಲಿಗೆ ಬಿಗಿದು ತಾನೇ ಒಂದು ಮಾಡಿಕೊಂಡ. ಇಬ್ಬನಿ ಬಿದ್ದರೆ ಅದು ಕೂಗುತ್ತಿತ್ತು. ಬಿಸಿಲೇರಿದರೆ ಮುನಿಸಿಕೊಳ್ಳುತ್ತಿತ್ತು. ಅವನದೇ ಬೂಟಿನ ಮೊಳೆ ಕಂಡರೂ ಅರಚುತ್ತಿತ್ತು. ಆದರೂ ಎಂಥ ಕಾಲ ಅದು! ಆ ಹೊಲಗಳಿಗೆ ಅದುವರೆಗೆ ಯಾರೂ ಕಿವಿಗೊಟ್ಟಿರಲಿಲ್ಲ. ಒಂದು ಬೆಳಗು ನಡೆದರೆ ರಾಜನ ಮುಖ ಸವೆದ ಪೆನ್ನಿ, ಯಾವನೋ ಸಿಪಾಯಿಯ ಅಂಗಿಯ ಹಿತ್ತಾಳೆ ಗುಂಡಿ, ಸೀಸದ ಕೋವಿಗುಂಡು. ಈಗಿನ ಯಂತ್ರಗಳ ಹಾಗೆ ಪರದೆಯಿಲ್ಲ, ಅಂಕಿಯಿಲ್ಲ. ಸದ್ದು ಕೇಳಬೇಕು, ನಂಬಿ ಅಗೆಯಬೇಕು.

ಹೊಲಕ್ಕೆ ಕಾಲಿಡಲು ಒಡೆಯರ ಅಪ್ಪಣೆ ಬೇಕು. ಅಪ್ಪಣೆಗೆ ಬದಲಾಗಿ ಅವರು ಕಳೆದುಕೊಂಡದ್ದನ್ನು ಹುಡುಕಿಕೊಡಬೇಕು. ಅದು ಆಗಿನ ರಿವಾಜು. ಒಬ್ಬನಿಗೆ ಟ್ರ್ಯಾಕ್ಟರಿನ ಕೀಲು, ಇನ್ನೊಬ್ಬನಿಗೆ ಅಪ್ಪನ ಗಡಿಯಾರ.

"ನೀವೇನು ಕಳಕೊಂಡಿದ್ದೀರಿ, ಮಿಸ್ ಲಾರ್ವುಡ್?" ಮೊದಲ ದಿನ ಸೆಸಿಲ್ ಟೋಪಿ ಕೈಯಲ್ಲಿ ಹಿಡಿದು ಕೇಳಿದ್ದ.

ಆಕೆ ಅವನನ್ನೂ ಪೊರಕೆಕೋಲನ್ನೂ ಮೇಲಿಂದ ಕೆಳಗೆ ನೋಡಿ, ತುಸು ಯೋಚಿಸಿದಳು.

"ಉಂಗುರ. ನಮ್ಮಜ್ಜಿದು. ಕೊಯ್ಲಲ್ಲಿ ಸಿವುಡು ಕಟ್ಟುವಾಗ ಬಿತ್ತು. ಕೆಂಪು ಹರಳು. ಸಿಗೋ ತನಕ ಭಾನುವಾರ ಭಾನುವಾರ ಬನ್ನಿ."

ಬಂದ. ಹುಡುಕಿದ. ಒಂದು ಮೂಲೆ ಮುಗಿಸಿದರೆ ಆಕೆಗೆ ಇನ್ನೊಂದು ಮೂಲೆ ನೆನಪಾಗುತ್ತಿತ್ತು. ಒಮ್ಮೆ ಹರಳು ನೀಲಿ ಎಂದಳು. ಪಾಪ, ನೆನಪು ಮಾಸಿರಬೇಕು ಎಂದುಕೊಂಡ. ಪಟ್ಟಣದಿಂದ ಯಂತ್ರ ಹೊತ್ತು ಬಂದ ಇನ್ನೊಬ್ಬನಿಗೆ "ನನ್ನ ಹೊಲದಲ್ಲಿ ಏನೂ ಕಳೆದಿಲ್ಲ, ನಡೀರಿ" ಎಂದು ಗೇಟು ಹಾಕಿದಾಗಲಂತೂ ಸೆಸಿಲ್‌ನ ಎದೆ ಉಬ್ಬಿತು. ತನ್ನೊಬ್ಬನ ಮೇಲೇ ಎಷ್ಟು ಭರವಸೆ!

ಹುಡುಕಾಟ ಮುಗಿಯುತ್ತಿದ್ದದ್ದು ಅಡುಗೆಮನೆಯಲ್ಲಿ, ಚಹಾ ಮತ್ತು ಶಾಜೀರಿಗೆ ಹಾಕಿದ ಕೇಕಿನ ಮುಂದೆ. ಅಲ್ಲಿ ಒಂದು ಪ್ರಶ್ನೆ ಅವನ ನಾಲಿಗೆಯ ತುದಿಗೆ ಬಂದು ನಿಲ್ಲುತ್ತಿತ್ತು. ಆದರೆ ಬರಿಗೈಯಲ್ಲಿ ಹೆಣ್ಣು ಕೇಳುವುದು ಹೇಗೆ? ಉಂಗುರ ಸಿಕ್ಕ ದಿನ ಕೇಳಿಯೇ ಬಿಡುವುದೆಂದು ಶಪಥ ಮಾಡಿದ. ಉಂಗುರ ಸಿಗಲಿಲ್ಲ. ಇಬ್ಬರ ತಲೆಯೂ ಬೆಳ್ಳಗಾಯಿತು.

ಕಳೆದ ಭಾನುವಾರ ಆಕೆ ಚಹಾ ಬಗ್ಗಿಸುತ್ತ ಹೇಳಿದಳು: "ಈ ಶನಿವಾರ ಲೋಹ ಹುಡುಕೋ ಕ್ಲಬ್ಬಿನವರನ್ನ ಕರೆಸ್ತಿದೀನಿ. ಅವರ ಹತ್ರ ಹೊಸ ಯಂತ್ರ ಇದಾವಂತೆ. ಮಣ್ಣೊಳಗೆ ಏನಿದೆ ಅಂತ ಬರೆದೇ ತೋರಿಸ್ತಾವಂತೆ."

"ನನ್ನ ಪೊರಕೆಗೇನಾಗಿದೆ?"

"ಏನೂ ಆಗಿಲ್ಲ. ಏನೂ ಆಗ್ತಾನೇ ಇಲ್ಲ ಸೆಸಿಲ್, ಅದೇ ತೊಂದ್ರೆ."

ಉಂಗುರ ಇನ್ನೊಬ್ಬನ ಕೈಗೆ ಸಿಕ್ಕರೆ ಭಾನುವಾರವೂ ಹೋಯಿತು, ಪ್ರಶ್ನೆಯೂ ಹೋಯಿತು. ಅದಕ್ಕೇ ಸ್ವಾಫಮ್ ಸಂತೆಗೆ ಓಡಿದ್ದು. ಅದಕ್ಕೇ ಹಳೇ ಸಾಮಾನಿನ ಗುಡ್ಡೆಯಲ್ಲಿ ಕೆಂಪು ಹರಳಿನ ಉಂಗುರ ಹೆಕ್ಕಿದ್ದು. ಬೆಳಿಗ್ಗೆ ಹೂತು ತನ್ನ ಮನೆಗೆ ಹೋಗಿ, ಹೊತ್ತೇರಿದ ಮೇಲೆ ಯಂತ್ರ ಹಿಡಿದು ಏನೂ ಅರಿಯದವನ ಹಾಗೆ ಮರಳಿ ಬಂದ.

"ಇವತ್ತು ಶುಕ್ರವಾರ ಅಲ್ವೇ?" ಹೆಸ್ಟರ್ ಹಿಟ್ಟಿನ ಕೈ ಒರೆಸಿಕೊಳ್ಳುತ್ತ ಹೊಲಕ್ಕೆ ಬಂದಳು.

"ಯಾಕೋ ಕೈ ತುರಿಸ್ತಿತ್ತು."

ತೋರಿಕೆಗೆ ಅತ್ತ ಇತ್ತ ಬೀಸಬೇಕೆಂದಿದ್ದ. ಕಾಲು ಕೇಳಲಿಲ್ಲ.

"ನೆಟ್ಟಗೆ ಅಲ್ಲಿಗೇ ಹೋದ್ರಲ್ಲ! ವಾಸನೆ ಹಿಡಿದ್ರೋ ಹೇಗೆ?"

ಯಂತ್ರ ಅರಚಿತು. ಅಗೆದ. ಉಂಗುರ ಫಳಫಳ ಹೊಳೆಯಿತು. ಸೆಸಿಲ್‌ಗೆ ತನ್ನ ತಪ್ಪು ಆಗಲೇ ಅರಿವಾಯಿತು. ಒಳ್ಳೆಯ ಹೆಂಗಸಿಗೆ ಕೊಡುವುದಲ್ಲವೇ ಎಂದು ರಾತ್ರಿ ಕೂತು ಉಜ್ಜಿದ್ದ. ನೆಲದ ಮಾಲು ಬೆಳಗಿ ಬರುವುದಿಲ್ಲವೆಂದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

"ಅಬ್ಬ, ಇಷ್ಟು ವರ್ಷ ಮಣ್ಣಲ್ಲಿದ್ದೂ ತೊಳೆದಿಟ್ಟ ಹಾಗಿದೆ!"

"ಮರಳು ಮಣ್ಣು ನೋಡಿ, ಮಿಸ್ ಲಾರ್ವುಡ್."

ಆಕೆ ಉಂಗುರವನ್ನು ಬೆರಳಿಗೆ ಹಾಕಿ, ಕೈ ಚಾಚಿ ನೋಡಿದಳು. "ಇದೇ ಸೆಸಿಲ್. ಕಂಡ ಕೂಡ್ಲೇ ಗುರುತು ಸಿಕ್ತು."

ಕೇಳಬೇಕಾದ ಗಳಿಗೆ ಬಂದಿತ್ತು. ಆಕೆಯ ಕಣ್ಣಂಚು ಒದ್ದೆಯಾದದ್ದು ಅವನಿಗೆ ಕಂಡಿತು. ಇಷ್ಟು ವರ್ಷ ಕಾದದ್ದು ಸುಳ್ಳಿನ ಮೇಲೆ ಕೂತು ಕೇಳುವುದಕ್ಕೇ?

"ತೆಗೆದುಬಿಡಿ," ಎಂದ. "ಅದು ನಿಮ್ಮಜ್ಜಿದಲ್ಲ. ಸಂತೇಲಿ ಕೊಂಡು ನಾನೇ ಹೂತದ್ದು. ಅದು ಸಿಕ್ಕ ದಿನ ನಿಮ್ಮನ್ನ ಮದುವೆಗೆ ಕೇಳ್ಬೇಕು ಅಂತಿದ್ದೆ... ಹೋಗ್ಲಿ. ಇನ್ನು ಈ ಕಡೆ ತಲೆ ಹಾಕೊಲ್ಲ."

ಪೊರಕೆಕೋಲು ಹೆಗಲಿಗೇರಿಸಿ ಗೇಟಿನ ಕಡೆ ತಿರುಗಿದ.

"ನಿಲ್ಲಿ!" ಹೆಸ್ಟರ್ ಉಂಗುರ ತೆಗೆಯಲಿಲ್ಲ. "ಕ್ಲಬ್ಬಿನವರಿಗೆ ನಾನು ಹೇಳಿಯೇ ಇಲ್ಲ. ನಾಳೆ ಯಾರೂ ಬರೊಲ್ಲ. ನೀವು ಕೇಳಿದ್ದಕ್ಕೆ ನಾನು ಹೂಂ ಅಂದ್ಹಾಗೆ. ಒಳಗೆ ಬನ್ನಿ, ಕೇಕು ಸೀಯುತ್ತೆ."

ಸೆಸಿಲ್ ಕದಲಲಿಲ್ಲ. ಅವನಿಗೆ ಒಂದೇ ಚಿಂತೆ. "ಹಾಗಾದ್ರೆ ನಿಮ್ಮಜ್ಜಿದು ಇನ್ನೂ ಇಲ್ಲೇ ಎಲ್ಲೋ ಇರ್ಬೇಕು. ಒಂದಲ್ಲ ಒಂದಿನ ಹುಡುಕೇ ಕೊಡ್ತೀನಿ."

"ಬೇಡ ಮಾರಾಯ್ರೇ," ಎಂದಳು ಹೆಸ್ಟರ್, "ಈ ಹೊಲಕ್ಕೆ ಉಂಗುರ ಅಂತ ಬಿದ್ದದ್ದೇ ಇವತ್ತು ಬೆಳಿಗ್ಗೆ."