ಖಾಲಿ ಕೊಕ್ಕೆ

ಹಲಗೆಯ ಮೇಲಿದ್ದ ಮಾರ್ನಿಯ ಸೊಂಟಪಟ್ಟಿಯನ್ನು ಡಗ್ಗನ್ ಸದ್ದಾಗದಂತೆ ಎತ್ತಿಕೊಂಡ. ಎರಡು ಸೀಸದ ಬಿಲ್ಲೆಗಳನ್ನು ಜಾರಿಸಿ ತೆಗೆದು ಹಗ್ಗದ ಸುರುಳಿಯ ಕೆಳಗೆ ಬಚ್ಚಿಟ್ಟ. ದೋಣಿಯ ಕ್ಯಾಬಿನ್ನಿನ ಗಾಜಿನಲ್ಲಿ ಮಾರ್ನಿಗೆ ಅದೆಲ್ಲ ಕಾಣಿಸಿತು. ಅವಳು ಕಂಡೂ ಕಾಣದವಳಂತೆ ಮುಳುಗುವ ಸೂಟಿನ ಜಿಪ್ಪು ಎಳೆದುಕೊಂಡಳು.

ಟಾಸ್ಮೇನಿಯಾದ ತಣ್ಣೀರಿಗೆ ದಪ್ಪ ಸೂಟು ಬೇಕು. ದಪ್ಪ ಸೂಟು ಬೆಂಡಿನಂತೆ ತೇಲುತ್ತದೆ. ಅದನ್ನು ಕೆಳಗೆ ಹಿಡಿದಿಡುವುದು ಸೀಸ; ಹೆಚ್ಚಾದರೆ ತಳದಲ್ಲೇ ಉಳಿಸಿಬಿಡುತ್ತದೆ. ಸೀಸ ಸಾಲದೆ ಹೋದರೆ, ಮೇಲೆ ಬರುವಾಗ ನಿಲ್ಲಬೇಕಾದ ಕಡೆ ನಿಲ್ಲಲಾಗದೆ ಚಿಮ್ಮಿಬಿಡುವುದೂ ಉಂಟು. ಹಾಗೆ ಚಿಮ್ಮಿ ಶ್ವಾಸಕೋಶ ಹರಿದುಕೊಂಡವರ ಕಥೆ ಈ ಕೊಲ್ಲಿಯಲ್ಲಿ ಮಕ್ಕಳಿಗೂ ಗೊತ್ತು. ಡಗ್ಗನ್‌ಗೆ ಗೊತ್ತಿಲ್ಲವೆ?

ಹೋದ ವರ್ಷ ಇದೇ ಬಂಡೆಸಾಲಿಗೆ ಡಗ್ಗನ್‌ನ ಇದೇ ದೋಣಿಯಲ್ಲಿ ಅವಳ ಗಂಡ ಕ್ಲೈವ್ ಬಂದಿದ್ದ. ಡಗ್ಗನ್ ಜೊತೆ ಇಳಿದ. ಡಗ್ಗನ್ ಒಬ್ಬನೇ ಮೇಲೆ ಬಂದ. ನೀರಡಿಯ ಕಲ್ಲಿನ ಕಮಾನಿನ ಬಳಿ ತಿರುಗಿ ನೋಡಿದರೆ ಕ್ಲೈವ್ ಹಿಂದೆ ಇರಲಿಲ್ಲವಂತೆ. ಬೆನ್ನಿನ ಸಿಲಿಂಡರಿನ ಗಾಳಿ ಮುಗಿಯುವ ತನಕ ಹುಡುಕಿದನಂತೆ. ಪೊಲೀಸರು ನಂಬಿದರು. ಕಡಲು ಮಾತ್ರ ಕ್ಲೈವ್‌ನನ್ನು ಹಿಂದಕ್ಕೆ ಕೊಡಲಿಲ್ಲ. ಹೂಳಲು ಏನೂ ಇಲ್ಲದೆ ಚರ್ಚಿನ ಹಿತ್ತಿಲಲ್ಲಿ ಬರಿ ಹೆಸರಿನ ಕಲ್ಲೊಂದು ನಿಂತಿದೆ.

ಕಮಾನಿನ ಬಳಿಗೆ ನನ್ನನ್ನು ಕರೆದುಕೊಂಡು ಹೋಗು ಎಂದು ಅವಳು ಬೇಸಿಗೆಯೆಲ್ಲ ಕೇಳಿದ್ದಳು. ಅವನು ಏನಾದರೊಂದು ನೆಪ ಹೇಳಿದ್ದ. ಎಂಜಿನ್ ಕೆಟ್ಟಿದೆ, ಅಲೆ ಜೋರಿದೆ, ಮೊಣಕಾಲು ನೋವು. ಮೊನ್ನೆ ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ತಾನಾಗಿಯೇ ಬಂದು, ಹೋಗೋಣ ಎಂದ. ಏಕೆ ಮನಸ್ಸು ಬದಲಾಯಿತೆಂದು ಹೇಳಲಿಲ್ಲ. ನಿಜ ತಿಳಿಯಲು ಹೊರಟಿದ್ದಾಳೆ ಎಂದು ಊರು ಮಾತಾಡಿಕೊಂಡಿತು. ಅವಳು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ನಾಯಿಯನ್ನು ಪಕ್ಕದ ಮನೆಯವರಿಗೆ ಒಪ್ಪಿಸಿದಳು. ಹೂವಿನ ಸೇವೆಗೆಂದು ಎಷ್ಟೋ ವರ್ಷಗಳಿಂದ ತನ್ನ ಬಳಿಯಿದ್ದ ಚರ್ಚಿನ ಬೀಗದಕೈಯನ್ನು ಆ ಭಾನುವಾರ ಬೆಳಗ್ಗೆಯೇ ಪಾದ್ರಿಗೆ ಹಿಂದಿರುಗಿಸಿದ್ದಳು.

ಡಗ್ಗನ್ ನಕ್ಷೆ ಹರಡಿ ಅವಳನ್ನು ಕರೆದ. ಇಲ್ಲಿ ಮುಳುಗುವವರು ಡೈವಿನ ಲೆಕ್ಕವನ್ನು ಕೊನೆಯಿಂದ ಹಾಕುತ್ತಾರೆ. ಮೇಲೆ ಬರಲು ಬೇಕಾದ ಗಾಳಿಯನ್ನು ಮೊದಲು ಎತ್ತಿಟ್ಟು, ಉಳಿದದ್ದರಲ್ಲಿ ಎಷ್ಟು ದೂರ ಹೋಗಬಹುದೆಂದು ನೋಡುತ್ತಾರೆ. ಮದುವೆಯಾದಾಗಿನಿಂದ ಕ್ಲೈವ್ ಜೊತೆ ಮುಳುಗಿದವಳಿಗೆ ಇದೇನು ಹೊಸದಲ್ಲ.

"ಪಾಚಿ ಕಾಡಿನ ಅಂಚು ಹಿಡ್ಕೊಂಡು ಕಮಾನಿಗೆ ಹೋಗೋಣ," ಎಂದ ಡಗ್ಗನ್. "ಎಷ್ಟು ಗಾಳಿ ಇದ್ದಾಗ ತಿರುಗೋಣ?"

"ನೀನೇ ಹೇಳು."

"ಎರಡನೇ ಸಲ ಎಲ್ಲಿ ಇಳಿಯೋಣ?"

"ಅದನ್ನ ಆಮೇಲೆ ನೋಡೋಣ."

ಅವನು ಅವಳನ್ನೇ ನೋಡಿದ. "ಪಟ್ಟಿಗೆ ಅಷ್ಟೊಂದು ಸೀಸ ಯಾಕೆ ಹಾಕ್ಕೊಂಡಿದ್ದೆ? ಕ್ರಿಸ್‌ಮಸ್ ಕೇಕು ಇನ್ನೂ ಮೈಯಿಂದ ಇಳಿದಿಲ್ವಾ?"

ಅವಳು ನಗಲಿಲ್ಲ. ಕತ್ತಿ ಕೊಡು ಎಂದು ಅವನು ಕೈ ಚಾಚಿದ. ಹಗ್ಗದಂತೆ ಉದ್ದುದ್ದ ಬೆಳೆಯುವ ಕಡಲಪಾಚಿಯಲ್ಲಿ ಸಿಕ್ಕಿಕೊಂಡರೆ ಕುಯ್ದು ಬಿಡಿಸಿಕೊಳ್ಳಲು ಕಾಲಿಗೆ ಕಟ್ಟುವ ಕತ್ತಿ ಅದು. ಇಬ್ಬರಿಗೆ ಒಂದು ಸಾಕು ಎಂದ. ಈ ಕೊಲ್ಲಿಯಲ್ಲಿ ಹಾಗೆ ಹೇಳಿದವರನ್ನು ಅವಳು ಕಂಡಿರಲಿಲ್ಲ. ಬಳಿಕ ಒಂದು ಗಿಡ್ಡ ಹಗ್ಗ ತೆಗೆದು, ಒಂದು ತುದಿಯನ್ನು ತನ್ನ ಸೊಂಟಕ್ಕೂ ಇನ್ನೊಂದನ್ನು ಅವಳ ಸೊಂಟಕ್ಕೂ ಬಿಗಿದ.

ಸೀಸ ಹೋಯಿತು. ಕತ್ತಿ ಹೋಯಿತು. ಈಗ ಹಗ್ಗ. ಕ್ಲೈವ್‌ನನ್ನೂ ಹೀಗೆಯೇ ಕಟ್ಟಿದ್ದನೆ?

ಅವಳ ಕಣ್ಣು ಕ್ಯಾಬಿನ್ನಿನ ಬಾಗಿಲ ಮೇಲೆ ಬಿತ್ತು. ಅಲ್ಲಿ ಸಾಲಾಗಿ ಕೊಕ್ಕೆಗಳಿದ್ದವು. ತಣ್ಣೀರಿನಿಂದ ನಡುಗುತ್ತ ಮೇಲೆ ಬಂದವರಿಗೆ ಡಗ್ಗನ್ ಬಿಸಿ ಸೂಪು ಕೊಡುತ್ತಾನೆ, ಲೋಟ ಕೊಡುವುದಿಲ್ಲ. ಅವರವರ ಲೋಟ ಅವರವರೇ ತಂದು, ಇಳಿಯುವ ಮುಂಚೆ ಕೊಕ್ಕೆಗೆ ತೂಗುಹಾಕಬೇಕು. ಮೊದಲನೆಯ ಕೊಕ್ಕೆಯಲ್ಲಿ ಡಗ್ಗನ್‌ನದು ತೂಗುತ್ತಿತ್ತು. ಎರಡನೆಯದರಲ್ಲಿ ಕ್ಲೈವ್‌ನ ನೀಲಿ ತಗಡಿನ ಲೋಟ, ವರ್ಷದಿಂದ ಅಲ್ಲೇ. ಪಾಪಪ್ರಜ್ಞೆ ಇಲ್ಲದವನು ಅದನ್ನೇಕೆ ಇಟ್ಟುಕೊಂಡಾನು? ಮೂರನೆಯ ಕೊಕ್ಕೆ ಖಾಲಿ.

"ನನ್ನ ಸೀಸ ಯಾಕೆ ತೆಗೆದೆ, ಡಗ್ಗನ್?"

ಅವನು ಬೆಚ್ಚಲಿಲ್ಲ. ಬಗ್ಗಿ ಹಗ್ಗದ ಸುರುಳಿಯ ಕೆಳಗಿನಿಂದ ಬಿಲ್ಲೆಗಳನ್ನು ತೆಗೆದು ಅವಳ ಅಂಗೈಯಲ್ಲಿಟ್ಟ. ತಣ್ಣಗಿದ್ದವು, ಭಾರವಾಗಿದ್ದವು.

"ಕ್ಲೈವ್‌ಗೆ ಏನು ಮಾಡ್ದೆ? ದೇವರ ಮುಂದೆ ಹೇಳು."

"ಏನೂ ಮಾಡ್ಲಿಲ್ಲ. ಮಾಡೋಕೆ ಆಗ್ಲಿಲ್ಲ. ಒಂದು ಸಲ ಹಿಂದೆ ತಿರುಗಿ ನೋಡೋದು ತಡವಾಯ್ತು, ಅಷ್ಟೇ. ಅದಕ್ಕೇ ಈ ಸಲ ಹಗ್ಗ ಕಟ್ಟಿದೀನಿ." ಅವನು ಸೊಂಟದ ಗಂಟನ್ನು ಇನ್ನಷ್ಟು ಬಿಗಿದ. "ನೀನು ಬೀಗದಕೈ ವಾಪಸ್ ಕೊಟ್ಟೆ ಅಂತ ಪಾದ್ರಿಗಳು ಹೇಳಿದ್ರು. ಅವತ್ತೇ ಬಂದು ಒಪ್ಕೊಂಡೆ. ನಾನು ಇಲ್ಲ ಅಂದಿದ್ರೆ ನೀನು ಯಾವತ್ತಾದ್ರೂ ಒಬ್ಳೇ ಇಳೀತಿದ್ದೆ. ಆದ್ರೂ ನಂದು ಬರಿ ಅನುಮಾನ ಇರ್ಲಿ ಅಂತ, ಬೆಳಗ್ಗೆಯಿಂದ ನಿನ್ನ ಚೀಲಾನೇ ನೋಡ್ತಾ ಇದ್ದೆ."

ಬಿಲ್ಲೆಗಳು ಅವಳ ಕೈಯಿಂದ ಜಾರಿ ಹಲಗೆಯ ಮೇಲೆ ಬಿದ್ದವು. ಅವನು ನೀಲಿ ಲೋಟವನ್ನು ಕೊಕ್ಕೆಯಿಂದ ಇಳಿಸಿ, ಸೂಪು ಬಗ್ಗಿಸಿ, ಅವಳ ಮುಂದೆ ಹಿಡಿದ.

"ಮೇಲೆ ಬರಬೇಕು ಅನ್ನೋರು ಲೋಟ ತರ್ತಾರೆ, ಮಾರ್ನಿ. ಕ್ಲೈವ್ ತಂದಿದ್ದ. ನೀನು ತಂದಿಲ್ಲ."